ಟೊಂಕದ ಸೂಜಿಯೂ ನಮ್ಮ ಸುಳ್ಳೂ

ಮುಂಬಯಿಯಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡ ಪ್ರತಿಯೊಬ್ಬ ಕನ್ನಡಿಗನಿಗೂ ಊರಿನವರು ಒಂದು ಹುದ್ದೆಯನ್ನು ದಯಪಾಲಿಸಿರುತ್ತಾರೆ. ಅದಕ್ಕೆ ಸಂಬಳವಿಲ್ಲ, ಬಡ್ತಿಯಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ಊರಿನಿಂದ ಕಾಯಿಲೆಯವರು ಬಂದಾಗ ಕಲ್ಯಾಣದಲ್ಲೋ ದಾದರಿನಲ್ಲೋ ಇಳಿಸಿಕೊಂಡು ಮನೆಗೆ ತರಬೇಕು. ಬೆಳಗಿನ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕು. ಸಾಲಿನಲ್ಲಿ ನಿಂತು ಚೀಟಿ ಮಾಡಿಸಬೇಕು. ಡಾಕ್ಟರರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿದ್ದನ್ನು ಕನ್ನಡದಲ್ಲಿ ತಿಳಿಸಬೇಕು. ಪರೇಲಿನಲ್ಲಿ 1941ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆದಂದಿನಿಂದಲೂ ನಮ್ಮವರ ಮನೆಗಳಲ್ಲಿ ಈ ಹುದ್ದೆ ತಂದೆಯಿಂದ ಮಗನಿಗೆ ಬಂದಿದೆ. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಆರಂಭವಾದ ಮೇಲೂ ಕಲಬುರ್ಗಿ, ವಿಜಯಪುರ, ರಾಯಚೂರು ಕಡೆಯವರು ಮುಂಬಯಿಯ ದಾರಿಯನ್ನು ಮರೆತಿಲ್ಲ. ನೆಂಟರ ಮನೆ ಇರುವ ಊರೇ ಹತ್ತಿರದ ಊರು.

ಈ ಹುದ್ದೆಯ ಕೊನೆಯ ಕೆಲಸವನ್ನು, ಎಂದರೆ ಡಾಕ್ಟರರ ಮಾತನ್ನು ಕನ್ನಡಕ್ಕೆ ತರುವ ಕೆಲಸವನ್ನು, ನಾವು ಎಷ್ಟು ಪ್ರಾಮಾಣಿಕವಾಗಿ ಮಾಡುತ್ತಿದ್ದೇವೆ? ಮಾಡುತ್ತಿಲ್ಲ ಎಂಬುದೇ ನನ್ನ ದೂರು. ಕ್ಯಾನ್ಸರ್ ಎಂಬ ಮಾತು ಬಂದ ಕೂಡಲೇ ನಾವು ದುಭಾಷಿಗಳಾಗಿ ಉಳಿಯುವುದಿಲ್ಲ, ಸುಳ್ಳರಾಗುತ್ತೇವೆ. ನಾನು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ಮೇಲಧಿಕಾರಿ ಬರೆದ ಟಿಪ್ಪಣಿಯಲ್ಲಿ ಒಂದು ಸಾಲನ್ನು ನಾನು ತಿದ್ದಿ ಕಡತವನ್ನು ಮುಂದೆ ಕಳುಹಿಸಿದರೆ ಮರುದಿನ ನನ್ನ ಕೈಗೆ ಅಮಾನತಿನ ಆದೇಶ ಬರುತ್ತದೆ. ಆದರೆ ಡಾಕ್ಟರರು ಹೇಳಿದ್ದನ್ನು ಪೂರ್ತಿ ಬದಲಿಸಿ ನನ್ನ ಒಡಹುಟ್ಟಿದವಳಿಗೆ ಹೇಳಿದಾಗ ಮನೆಮಂದಿಯೆಲ್ಲ ನನ್ನ ಜಾಣತನವನ್ನು ಹೊಗಳಿದರು.

ನಡೆದದ್ದನ್ನು ಹೇಳಿಬಿಡುತ್ತೇನೆ. ಆಸ್ಪತ್ರೆ ಮೇಲೆ ಹೆಸರಿಸಿದ ಎರಡೂ ಅಲ್ಲ, ಬೇರೊಂದು. ಅದರ ಹೆಸರು ಇಲ್ಲಿ ಬೇಡ, ಏಕೆಂದರೆ ಮುಖ್ಯ ಆರೋಪಿ ನಾನೇ.

2022ರ ಮಳೆಗಾಲದಲ್ಲಿ ನನ್ನ ಅಕ್ಕ ಉದ್ಯಾನ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿಳಿದಳು. ವಯಸ್ಸು 56. ಕುತ್ತಿಗೆಯ ಎಡಗಡೆ ನೋವಿಲ್ಲದ ಗಂಟುಗಳು. ಊರಿನಲ್ಲಿ ಕ್ಷಯವೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದಳು, ಗಂಟು ಕರಗಿರಲಿಲ್ಲ. ಇಲ್ಲಿ ಒಂದು ಗಂಟನ್ನು ತೆಗೆದು ಪರೀಕ್ಷಿಸಿದಾಗ ಫಾಲಿಕ್ಯುಲರ್ ಲಿಂಫೋಮ ಎಂದು ಗೊತ್ತಾಯಿತು. ದುಗ್ಧಗ್ರಂಥಿಗಳ ಕ್ಯಾನ್ಸರುಗಳಲ್ಲಿ ಇದು ಮೆಲ್ಲಗೆ ನಡೆಯುವ ಜಾತಿ. ಪೆಟ್ ಸ್ಕ್ಯಾನ್ ಮಾಡಿಸಿದರು. ಕುತ್ತಿಗೆ ಬಿಟ್ಟು ಬೇರೆಲ್ಲೂ ಕಾಣಲಿಲ್ಲ.

ಡಾಕ್ಟರರು ಹೇಳಿದ್ದು ಇಷ್ಟು: "ರೋಗ ಕುತ್ತಿಗೆಯಲ್ಲಿ ಮಾತ್ರ ಇದ್ದರೆ ಅಲ್ಲಿಗಷ್ಟೇ ವಿಕಿರಣ ಕೊಡಬಹುದು, ಬೇರುಸಹಿತ ಹೋಗುವ ಆಸೆ ಇಟ್ಟುಕೊಳ್ಳಬಹುದು. ಆದರೆ ಈ ಜಾತಿಯ ಲಿಂಫೋಮ ಎಷ್ಟೋ ಸಲ ಮೂಳೆಯ ಮಜ್ಜೆಯಲ್ಲಿ ಸದ್ದಿಲ್ಲದೆ ಕೂತಿರುತ್ತದೆ, ಸ್ಕ್ಯಾನಿನ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿದ್ದರೆ ಕುತ್ತಿಗೆಗೆ ಮಾತ್ರ ವಿಕಿರಣ ಕೊಟ್ಟು ಪ್ರಯೋಜನವಿಲ್ಲ. ಆದ್ದರಿಂದ ಮಜ್ಜೆಯನ್ನು ತೆಗೆದು ನೋಡಬೇಕು." ಅರ್ಧ ಹಿಂದಿ, ಅರ್ಧ ಇಂಗ್ಲಿಷು, ಒಟ್ಟು ನಾಲ್ಕು ನಿಮಿಷ. "ಇವರಿಗೆ ತಿಳಿಸಿ ಹೇಳಿ" ಎಂದು ಮುಂದಿನ ಚೀಟಿಯನ್ನು ಕೈಗೆತ್ತಿಕೊಂಡರು.

"ಏನಂದ್ರು ತಮ್ಮಾ?" ಎಂದಳು ಅಕ್ಕ.

"ಏನಿಲ್ಲಕ್ಕ, ರಕ್ತ ಕಡಿಮಿ ಅದ ಅಂತ. ಟೊಂಕಕ್ಕ ಒಂದು ಇಂಜೆಕ್ಷನ್ ಕೊಡ್ತಾರಂತ" ಎಂದೆ ನಾನು.

ನಾಲ್ಕು ನಿಮಿಷದ ಮಾತಿಗೆ ನನ್ನ ಅನುವಾದ ಅಷ್ಟು. ಒಪ್ಪಿಗೆಯ ಕಾಗದ ಇಂಗ್ಲಿಷಿನಲ್ಲಿತ್ತು. ರೋಗಿಯ ಸಹಿಯ ಜಾಗದಲ್ಲಿ ಅಕ್ಕ ಎಲ್ಲಿ ತೋರಿಸಿದರೆ ಅಲ್ಲಿ ಬರೆದಳು, ಸಾಕ್ಷಿಯ ಜಾಗದಲ್ಲಿ ನಾನು ಬರೆದೆ. ಯಾವುದಕ್ಕೆ ಸಾಕ್ಷಿ ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಒಳಗೆ ಅವಳನ್ನು ಮಗ್ಗುಲಾಗಿ ಮಲಗಿಸಿದರು. ಬಟ್ಟೆ ಸರಿಸಿ ಟೊಂಕದ ಹಿಂಭಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಇದೇ ತಮ್ಮ ಹೇಳಿದ ಇಂಜೆಕ್ಷನ್ ಎಂದುಕೊಂಡ ಅಕ್ಕ "ಆತೇನು?" ಎನ್ನುತ್ತ ಏಳಲು ಹೋದಳಂತೆ. ಅವಳನ್ನು ಹಿಡಿದು ಮಲಗಿಸಿ ದೊಡ್ಡ ಸೂಜಿ ಇಳಿಸಿದರು. ಮಜ್ಜೆಯನ್ನು ಎಳೆಯುವ ಕ್ಷಣದಲ್ಲಿ ಕಾಲಿನವರೆಗೂ ಸೆಳೆದಂತಾಗುತ್ತದೆ. ಅವಳು ಚೀರಿ ತಿರುಗಿಬಿಟ್ಟಳು. ಅಷ್ಟರಲ್ಲಿ ಸಿಕ್ಕಿದ್ದು ಒಂದಿಷ್ಟು ರಕ್ತ, ಜೋಳದ ಕಾಳಿನಷ್ಟು ಎಲುಬು. ವಾರ ಕಳೆದು ವರದಿ ಬಂತು: ಮಾದರಿ ಸಾಲದು, ಮತ್ತೊಮ್ಮೆ ಮಾಡಬೇಕು.

ಅಕ್ಕ ಒಪ್ಪಲಿಲ್ಲ. ಹೇಗೆ ಒಪ್ಪಿಯಾಳು? ರಕ್ತ ಕಡಿಮೆಯಾದವಳಿಗೆ ರಕ್ತ ಕೊಡದೆ, ಎಲುಬು ಕೊರೆದು ಇದ್ದ ರಕ್ತವನ್ನೂ ಎಳೆದುಕೊಂಡರು ಎಂಬುದು ಅವಳ ಲೆಕ್ಕ. ನಾನು ಕೊಟ್ಟ ಮಾಹಿತಿಯ ಮೇಲೆ ಆ ಲೆಕ್ಕ ಸರಿಯಾಗಿಯೇ ಇತ್ತು. ಆ ವಾರವೇ ಊರಿಗೆ ಹೊರಟಳು. ಅಲ್ಲಿ ಮನೆಗೊಬ್ಬ ಪಂಡಿತ. ಬೆನ್ನುಹುರಿಯ ನೀರು ತೆಗೆದಿದ್ದಾರೆ, ಇನ್ನು ಕಾಲು ಬೀಳುತ್ತವೆ ಎಂದರು. ಗಂಟಿಗೆ ಸೂಜಿ ತಗುಲಿದರೆ ಮೈಯೆಲ್ಲ ಹರಡುತ್ತದೆ ಎಂದರು. ನಾಲ್ಕು ತಿಂಗಳು ಹೀಗೆ ಕಳೆದವು. ರೋಗ ಮೆಲ್ಲಗೆ ನಡೆಯುವುದಾದ್ದರಿಂದ ನಾನು ಇಂದು ಇದನ್ನು ತಣ್ಣಗೆ ಕೂತು ಬರೆಯುತ್ತಿದ್ದೇನೆ. ವೇಗದ ಜಾತಿಯಾಗಿದ್ದರೆ ಆ ನಾಲ್ಕು ತಿಂಗಳಿಗೆ ಬೇರೆಯೇ ಬೆಲೆ ತೆರಬೇಕಾಗುತ್ತಿತ್ತು.

ಈ ಪರೀಕ್ಷೆ ಏನು ಎಂಬುದನ್ನು ಕನ್ನಡದಲ್ಲಿ ಹೇಳುವುದು ಅಷ್ಟು ಕಷ್ಟವೇ? ಪುಸ್ತಕದ ಮಾತು 'ಅಸ್ಥಿಮಜ್ಜೆ'. ಅದನ್ನು ಕೇಳಿದರೆ ಅರ್ಧ ಜನ ಓಡಿಹೋಗುತ್ತಾರೆ. ಎಲುಬಿನ ತಿರುಳು ಎನ್ನಿ, ಹಳ್ಳಿಯ ಮುದುಕಿಗೂ ಗೊತ್ತು. ಮಾಂಸ ತಿನ್ನುವ ಮನೆಗಳಲ್ಲಿ ನಳ್ಳಿ ಎಲುಬಿಗಾಗಿ ಮಕ್ಕಳು ಜಗಳವಾಡುವುದು ಆ ತಿರುಳಿಗಾಗಿಯೇ. ರಕ್ತ ಹುಟ್ಟುವುದು ಅಲ್ಲಿ. ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲ ಎಲುಬುಗಳಲ್ಲೂ ರಕ್ತ ಹುಟ್ಟಿದರೆ, ದೊಡ್ಡವರಾದಂತೆ ಕೈಕಾಲಿನ ಉದ್ದ ಎಲುಬುಗಳ ತಿರುಳು ಕೊಬ್ಬಾಗುತ್ತದೆ. ಟೊಂಕ, ಬೆನ್ನುಮೂಳೆ, ಎದೆಯ ಎಲುಬು, ಪಕ್ಕೆಲುಬು, ತಲೆಬುರುಡೆಗಳಲ್ಲಿ ಮುಖ್ಯವಾಗಿ ರಕ್ತದ ಕೆಲಸ ಉಳಿಯುತ್ತದೆ. ಇದು ನಾನು ಕಪ್ಪೆ ಕೊಯ್ದು ಬಿ.ಎಸ್ಸಿ. ಮಾಡುವಾಗ ಬಾಯಿಪಾಠ ಮಾಡಿದ ಸಂಗತಿ. ಪರೀಕ್ಷೆಯಲ್ಲಿ ಅಂಕ ಬಂತು, ಅಕ್ಕನಿಗೆ ಹೇಳಬೇಕಾದಾಗ ಬಾಯಿ ಬರಲಿಲ್ಲ.

ರಷ್ಯದ ಅರಿಂಕಿನ್ ಎಂಬ ವೈದ್ಯ 1927ರಲ್ಲಿ ಎದೆಯ ಎಲುಬಿಗೆ ಸೂಜಿ ಚುಚ್ಚಿ ತಿರುಳನ್ನು ಎಳೆಯುವ ವಿಧಾನವನ್ನು ತೋರಿಸಿದ. ಎದೆಯ ಎಲುಬು ತೆಳು, ಹಿಂದೆಯೇ ಹೃದಯ ಮತ್ತು ದೊಡ್ಡ ರಕ್ತನಾಳಗಳು. ಆದ್ದರಿಂದ ಈಗ ಸಾಮಾನ್ಯವಾಗಿ ಆರಿಸುವುದು ಟೊಂಕದ ಎಲುಬಿನ ಹಿಂದಿನ ಅಂಚನ್ನು. ಅದು ದಪ್ಪ, ಚರ್ಮಕ್ಕೆ ಹತ್ತಿರ. ಬೆನ್ನುಹುರಿಗೂ ಅದಕ್ಕೂ ಸಂಬಂಧವಿಲ್ಲ. ಬೆನ್ನುಮೂಳೆಗಳ ನಡುವೆ ಸೂಜಿ ಹಾಕಿ ನೀರು ತೆಗೆಯುವುದು ಬೇರೆಯೇ ಪರೀಕ್ಷೆ. ಎರಡನ್ನೂ ಕಲಸಿ ಗಾಬರಿ ಬೀಳುವುದು ನಮ್ಮಲ್ಲಿ ರೂಢಿಯಾಗಿದೆ. ಇಂದು ಬಳಸುವ ಸೂಜಿಗಳಲ್ಲಿ ಹೆಚ್ಚಿನವಕ್ಕೆ ಮೂಲಮಾದರಿ ಇರಾನ್ ಮೂಲದ ಜಂಶೀದಿ ಎಂಬವರು 1971ರಲ್ಲಿ ಪ್ರಕಟಿಸಿದ ಸೂಜಿ. ಮೊದಲು ಒಂದಿಷ್ಟು ದ್ರವವನ್ನು ಎಳೆದು ಗಾಜಿನ ಪಟ್ಟಿಯ ಮೇಲೆ ಸವರುತ್ತಾರೆ. ಆಮೇಲೆ ಎಲುಬಿನ ಒಂದು ಸಣ್ಣ ಕಡ್ಡಿಯನ್ನು ಕೊರೆದು ತೆಗೆಯುತ್ತಾರೆ, ಬೆಂಕಿಕಡ್ಡಿಯ ಅರ್ಧದಷ್ಟು ಉದ್ದ. ಒಂದೂವರೆಯಿಂದ ಎರಡು ಸೆಂಟಿಮೀಟರಾದರೂ ಇದ್ದರೆ ಓದುವವರಿಗೆ ಅನುಕೂಲ. ಎಲುಬಿನ ಸುಣ್ಣವನ್ನು ಕರಗಿಸಿ ತೆಳ್ಳಗೆ ಕೊಯ್ಯಬೇಕಾದ್ದರಿಂದ ವರದಿಗೆ ದಿನಗಳು ಹಿಡಿಯುತ್ತವೆ.

ನೋವಿಲ್ಲ ಎಂದು ನಾನು ಹೇಳುವುದಿಲ್ಲ, ಅದು ಇನ್ನೊಂದು ಸುಳ್ಳಾಗುತ್ತದೆ. ಚರ್ಮವನ್ನೂ ಎಲುಬಿನ ಮೇಲ್ಪದರವನ್ನೂ ಮರಗಟ್ಟಿಸಬಹುದು, ಒಳಗಿನ ತಿರುಳನ್ನು ಮರಗಟ್ಟಿಸಲಾಗದು. ಎಳೆಯುವ ಆ ಕೆಲವು ಸೆಕೆಂಡು ಚೆನ್ನಾಗಿಯೇ ನೋಯುತ್ತದೆ. ಆಮೇಲೆ ಗಾಯವನ್ನು ಒತ್ತಿ ಹಿಡಿಯುತ್ತಾರೆ, ಪಟ್ಟಿ ಹಾಕುತ್ತಾರೆ, ಒಂದು ದಿನ ನೀರು ತಾಗಿಸಬಾರದು. ಸಾಧಾರಣವಾಗಿ ಅಂದೇ ಮನೆಗೆ ಹೋಗಬಹುದು. ಅಪಾಯದ ಮಾತು ಬಂದರೆ ಬ್ರಿಟನ್ನಿನಲ್ಲಿ 1995ರಿಂದ 2001ರವರೆಗೆ ನಡೆದ ಸುಮಾರು 55,000 ಇಂಥ ಪರೀಕ್ಷೆಗಳ ಲೆಕ್ಕ ತೆಗೆದಾಗ ವರದಿಯಾದ ಗಂಭೀರ ತೊಂದರೆಗಳು 26. ಅವುಗಳಲ್ಲಿ ಹೆಚ್ಚಿನವು ರಕ್ತಸ್ರಾವದವು. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಅದನ್ನು ಮೊದಲೇ ಹೇಳಬೇಕು ಎಂಬುದು ಇದಕ್ಕಾಗಿ. ಇನ್ನು ಸೂಜಿಯಿಂದ ಕ್ಯಾನ್ಸರ್ ಹರಡುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ರೋಗ ಮಜ್ಜೆಗೆ ಹೋಗುವುದಿದ್ದರೆ ರಕ್ತದ ದಾರಿಯಲ್ಲಿ ತಾನೇ ಹೋಗಿರುತ್ತದೆ. ಸೂಜಿ ಹೋಗುವುದು ಅದನ್ನು ಹುಡುಕಲಿಕ್ಕೆ.

ಇಷ್ಟನ್ನು ಹೇಳಲು ಹತ್ತು ನಿಮಿಷ ಸಾಕು. ಹಾಗಾದರೆ ನಾವು ಹೇಳದಿರುವುದು ಏಕೆ?

ಈ ಪ್ರಶ್ನೆಯನ್ನು ನಮ್ಮ ಬಳಗದ ಹಿರಿಯರೊಬ್ಬರಲ್ಲಿ ಎತ್ತಿದಾಗ ಅವರು ನಕ್ಕು, "ನೀವು ಬಿ.ಎಸ್ಸಿ. ಓದಿದ್ದೀರಿ, ಮನುಷ್ಯರ ಮನಸ್ಸನ್ನು ಓದಿಲ್ಲ. ಹೆಸರು ಕೇಳಿದ ಕೂಡಲೇ ರೋಗಿಯ ಧೈರ್ಯ ಕುಸಿಯುತ್ತದೆ" ಎಂದರು. ಸಜ್ಜನರು, ಅವರ ಮಾತಿನ ಹಿಂದೆ ಅಂತಃಕರಣವಿದೆ. ಆದರೂ ಕೇಳುತ್ತೇನೆ: ಹೇಳದಿದ್ದರೆ ಧೈರ್ಯ ನಿಲ್ಲುತ್ತದೆಯೇ? ವಾರಕ್ಕೆ ಮೂರು ಸಲ ಆಸ್ಪತ್ರೆ, ಬಾಗಿಲಲ್ಲಿ ದೊಡ್ಡ ಅಕ್ಷರದ ಫಲಕ, ಅಕ್ಕಪಕ್ಕದಲ್ಲಿ ತಲೆಗೂದಲು ಉದುರಿದವರು, ಮನೆಗೆ ಬಂದರೆ ಅಡುಗೆಮನೆಯಲ್ಲಿ ಪಿಸುಮಾತು. ರೋಗಿಗೆ ಕಣ್ಣಿಲ್ಲವೇ? ನಾವು ಮುಚ್ಚಿಡುವುದು ರೋಗವನ್ನಲ್ಲ. ರೋಗದ ವಿಷಯ ನಮ್ಮೊಡನೆ ಮಾತಾಡುವ ಬಾಗಿಲನ್ನು ಮುಚ್ಚಿಬಿಡುತ್ತೇವೆ. ಆಗ ಅವಳು ಒಬ್ಬಳೇ ಹೆದರಬೇಕು. 1971ರಲ್ಲಿ ಬಂದ 'ಆನಂದ್' ಚಿತ್ರಕ್ಕೆ ಈ ಊರಿನ ಜನ ಕಣ್ಣೀರು ಸುರಿಸಿದ್ದು ನಮ್ಮ ಹಿರಿಯರಿಗೆ ನೆನಪಿರಬೇಕು. ಅದರ ನಾಯಕನಿಗಿದ್ದದ್ದು ಲಿಂಫೋಸಾರ್ಕೋಮ, ಇಂದಿನ ಲಿಂಫೋಮದ ಹಳೆಯ ಹೆಸರು. ತನ್ನ ಕಾಯಿಲೆ ಅವನಿಗೆ ಪೂರಾ ಗೊತ್ತಿತ್ತು. ಪರದೆಯ ಮೇಲೆ ಗೊತ್ತಿದ್ದು ನಗುವವನನ್ನು ಮೆಚ್ಚಿ ಮನೆಗೆ ಬಂದು, ನಮ್ಮ ತಾಯಿ-ಅಕ್ಕಂದಿರಿಗೆ ಮಾತ್ರ ಆ ಧೈರ್ಯವಿಲ್ಲವೆಂದು ನಾವೇ ತೀರ್ಪು ಕೊಡುತ್ತೇವೆ. ಮುಚ್ಚಿಡುವುದು ಹೆಚ್ಚಾಗಿ ಯಾರಿಂದ ಎಂಬುದನ್ನೂ ಗಮನಿಸಿ. ಗಂಡಸರಿಗೆ ಹೇಗೋ ಹೇಳುತ್ತೇವೆ. ಹೊಲ, ಸಾಲ, ಬ್ಯಾಂಕಿನ ವ್ಯವಹಾರ ಇತ್ಯರ್ಥವಾಗಬೇಕಲ್ಲ! ಹೆಂಗಸರಿಗೆ ರಕ್ತ ಕಡಿಮೆ.

ಡಾಕ್ಟರರೂ ಇದರಲ್ಲಿ ಪಾಲುದಾರರು. ಸಮಯವಿಲ್ಲ ಎನ್ನುತ್ತಾರೆ, ಅವರ ಬಾಗಿಲಿನ ಸಾಲನ್ನು ನೋಡಿದರೆ ಅದು ನಿಜವೇ. ಆದರೆ ಸಮಯವಿಲ್ಲವೆಂದು ಯಾರಾದರೂ ಸೂಜಿ ಇಲ್ಲದೆ ಪರೀಕ್ಷೆ ಮಾಡುತ್ತಾರೆಯೇ? ತಿಳಿಸುವುದೂ ಪರೀಕ್ಷೆಯ ಭಾಗವೇ. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಒಂದು ತೀರ್ಪು ಎಲ್ಲ ಆಸ್ಪತ್ರೆಗಳಿಗೂ ಗೊತ್ತಿದೆ. ಒಬ್ಬ ಮಹಿಳೆಯನ್ನು ತಪಾಸಣೆಗೆಂದು ಪ್ರಜ್ಞೆ ತಪ್ಪಿಸಿದ್ದಾಗ, ಹೊರಗಿದ್ದ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆದ ಪ್ರಕರಣ ಅದು. ಪ್ರಾಯಕ್ಕೆ ಬಂದ, ಬುದ್ಧಿ ಸ್ವಾಧೀನದಲ್ಲಿರುವ ರೋಗಿಯ ಬದಲು ತಾಯಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ನ್ಯಾಯಾಲಯ ಹೇಳಿತು. ಏನು ಮಾಡುತ್ತಾರೆ, ಏಕೆ, ಬೇರೆ ದಾರಿ ಇದೆಯೇ, ಅಪಾಯವೇನು, ಬೇಡವೆಂದರೆ ಏನಾದೀತು ಎಂಬುದನ್ನು ರೋಗಿಗೇ ತಿಳಿಸಬೇಕೆಂದಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ರೋಗಿಗೆ ತಿಳಿಯುವ ಭಾಷೆಯಲ್ಲಿ ಮಾಹಿತಿ ಕೊಡಬೇಕೆಂಬ ಮಾತಿದೆ. ಸುತ್ತೋಲೆಗಳ ಹಣೆಬರಹವನ್ನು ಗುಮಾಸ್ತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಕೇಳುವವನ ಕೈಯಲ್ಲಿ ಅದೊಂದು ಆಧಾರ. ತಾಯಿಯ ಒಪ್ಪಿಗೆಯೇ ನಡೆಯದಿದ್ದ ಮೇಲೆ ತಮ್ಮನ ಸುಳ್ಳಿನ ಮೇಲೆ ಪಡೆದ ಸಹಿ ಎಷ್ಟರ ಮಟ್ಟಿನದು?

ಇನ್ನೊಂದು ಬಣವಿದೆ. ಹಣ ಕೂಡಿಸಿಟ್ಟವರು, ವಿಮೆ ಇದ್ದವರು. "ಏನೇನಿದೆಯೋ ಎಲ್ಲ ಪರೀಕ್ಷೆ ಮಾಡಿಬಿಡಿ ಡಾಕ್ಟರೇ" ಎನ್ನುವವರು. ಅವರಿಗೂ ನನ್ನ ವಿರೋಧವಿದೆ. ಮಜ್ಜೆಯ ಪರೀಕ್ಷೆ ಎಲ್ಲ ಕ್ಯಾನ್ಸರಿಗೂ ಮಾಡುವಂಥದಲ್ಲ. ಸ್ತನದ ಕ್ಯಾನ್ಸರಿನಲ್ಲಿ ಎಲುಬಿಗೆ ಹರಡಿದೆಯೇ ಎಂದು ನೋಡಲು ಸ್ಕ್ಯಾನುಗಳಿವೆ. ರಕ್ತದ ಎಣಿಕೆ ಕಾರಣವಿಲ್ಲದೆ ಕುಸಿದರೆ ಮಾತ್ರ ಮಜ್ಜೆಯ ಕಡೆಗೆ ಅನುಮಾನ ತಿರುಗುತ್ತದೆ. ಹಾಜ್‌ಕಿನ್ ಲಿಂಫೋಮದಲ್ಲಿ ಹಿಂದೆ ಬಹಳ ಮಂದಿಗೆ ಈ ಸೂಜಿ ತಪ್ಪುತ್ತಿರಲಿಲ್ಲ. ಪೆಟ್ ಸ್ಕ್ಯಾನ್ ಮಾಡಿದ್ದರೆ ಅಲ್ಲಿ ಸಾಮಾನ್ಯವಾಗಿ ಮಜ್ಜೆಯ ಪರೀಕ್ಷೆ ಬೇಕಿಲ್ಲವೆಂದು 2014ರ ಲುಗಾನೊ ಸೂತ್ರಗಳು ಹೇಳಿದವು. ಅದೇ ಸ್ಕ್ಯಾನು ನನ್ನ ಅಕ್ಕನ ಜಾತಿಯ ರೋಗದಲ್ಲಿ ಮಜ್ಜೆಯ ಮಟ್ಟಿಗೆ ಅಷ್ಟು ನಂಬಿಕೆಗೆ ಅರ್ಹವಲ್ಲ. ಮಕ್ಕಳಿಗೆ ಬರುವ ನ್ಯೂರೋಬ್ಲಾಸ್ಟೋಮದಲ್ಲಿ ಟೊಂಕದ ಎರಡೂ ಕಡೆ ತೆಗೆಯುತ್ತಾರೆ, ಏಕೆಂದರೆ ರೋಗ ಅಲ್ಲೊಂದು ಇಲ್ಲೊಂದು ತೇಪೆಯಂತೆ ಕೂತಿರಬಹುದು, ಒಂದು ಕಡೆ ಸ್ವಚ್ಛವಾಗಿ ಕಂಡರೆ ಇನ್ನೊಂದು ಕಡೆ ಸ್ವಚ್ಛವೆಂದೇನೂ ಅಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ "ಈ ಪರೀಕ್ಷೆಯ ಫಲ ಹೀಗೆ ಬಂದರೆ ಏನು ಮಾಡುತ್ತೀರಿ, ಹಾಗೆ ಬಂದರೆ ಏನು ಮಾಡುತ್ತೀರಿ?" ಎಂಬುದು. ಎರಡಕ್ಕೂ ಉತ್ತರ ಒಂದೇ ಆದರೆ ಸೂಜಿ ಯಾಕೆ ಎಂದು ಸವಿನಯವಾಗಿ ಕೇಳಬಹುದು. ಆದರೆ ಸುಳ್ಳು ಹೇಳಿ ಕರೆತಂದ ರೋಗಿ ಈ ಪ್ರಶ್ನೆ ಕೇಳಲಾರಳು, ಕರೆತಂದವನಿಗೆ ಅವಳ ಮುಂದೆ ಕೇಳಲು ಬಾಯಿಲ್ಲ.

ನನ್ನ ಮನೆಯ ಗಂಟು ಬಿಡಿಸಿದವಳು ನನ್ನ ಮಗಳು. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು, ಆಗ ಕಾಲೇಜಿನ ಮೊದಲ ವರ್ಷ. ಅವಳ ಕನ್ನಡಕ್ಕೆ ನಾವೆಲ್ಲ ನಗುತ್ತಿದ್ದೆವು. ಮರಾಠಿಯ ಕ್ರಿಯಾಪದ, ಹಿಂದಿಯ ನಾಮಪದ, ಕನ್ನಡದ ಪ್ರತ್ಯಯ. ದೀಪಾವಳಿಯ ರಜೆಗೆ ಊರಿಗೆ ಹೋದಾಗ ಅತ್ತೆಯ ಪಕ್ಕದಲ್ಲಿ ಕೂತು, ಯಾರನ್ನೂ ಕೇಳದೆ ಹೇಳಿಬಿಟ್ಟಳು: "ಅತ್ತೆ, ನಿಮಗೆ ಕ್ಯಾನ್ಸರ್ ಆಗಿದೆ. ಸ್ಲೋ ಇದೆ. ಅದು ಎಲುಬಿನ ಒಳಗೆ ಹೋಗಿದೆಯಾ ಇಲ್ಲವಾ ಅಂತ ನೋಡಲಿಕ್ಕೆ ಆ ಸೂಜಿ." ನಾನು ಬಾಗಿಲಲ್ಲಿ ನಿಂತಿದ್ದವನು ಅಲ್ಲೇ ಗೋಡೆ ಹಿಡಿದೆ. ಅಕ್ಕ ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ತಿರುವುತ್ತ ಕೂತಳು. ಆಮೇಲೆ ಮೂರು ಪ್ರಶ್ನೆ ಕೇಳಿದಳು. ಬೆನ್ನುಹುರಿಗೆ ತಗಲ್ತದೇನು? ಎಷ್ಟೊತ್ತು ನೋಯ್ತದ? ಒಳಗ ಸಿಕ್ಕರ ಮುಂದೇನು ಮಾಡ್ತಾರ? ಮೂರೂ ಡಾಕ್ಟರರ ಮುಂದೆ ನಾನು ಕೇಳಬೇಕಾಗಿದ್ದ ಪ್ರಶ್ನೆಗಳು.

ಆಮೇಲೆ ನನ್ನ ಕಡೆ ತಿರುಗಿ, "ನೀ ಬಿ.ಎಸ್ಸಿ. ಓದೀದಿ. ನನಗ ನಾಕು ಮಾತು ತಿಳಿಸಿ ಹೇಳ್ಲಿಕ್ಕೆ ಬರ್ಲಿಲ್ಲೇನು?" ಎಂದಳು. ಇದಕ್ಕೆ ನಾನು ಈವರೆಗೆ ಉತ್ತರ ಕೊಟ್ಟಿಲ್ಲ.

ಎರಡನೆಯ ಸಲ ಮಗಳು ಪಕ್ಕದಲ್ಲಿ ನಿಂತು ಒಂದೊಂದನ್ನೂ ಮೊದಲೇ ಹೇಳುತ್ತಿದ್ದಳು. ಈಗ ಮರಗಟ್ಟಿಸುವುದು, ಈಗ ಒತ್ತುವುದು, ಈಗ ಎಳೆಯುವುದು, ಹತ್ತರವರೆಗೆ ಎಣಿಸಿ. ಅಕ್ಕ ಎಣಿಸಿದಳು. ಏಳಕ್ಕೆ ಮುಗಿಯಿತಂತೆ. ಅದೇ ಟೊಂಕ, ಅದೇ ಸೂಜಿ. ಕಡ್ಡಿ ಪೂರ್ತಿ ಉದ್ದ ಬಂತು.

ರೋಗ ಮಜ್ಜೆಯಲ್ಲಿತ್ತು. ಲೆಕ್ಕದ ಪ್ರಕಾರ ನಾಲ್ಕನೆಯ ಹಂತ. ಈ ಮಾತು ಕೇಳಿ ನನ್ನ ಕೈಕಾಲು ತಣ್ಣಗಾದವು; ಅಕ್ಕನಿಗಿಂತ ನನಗೇ ಧೈರ್ಯ ಕಡಿಮೆ ಎಂಬುದು ಅಂದು ಬಯಲಾಯಿತು. ಡಾಕ್ಟರರು ಈ ಸಲ ಅವಳಿಗೇ ಹೇಳಿದರು, ಮಗಳು ಕನ್ನಡಕ್ಕೆ ತಿರುಗಿಸಿದಳು. ಈ ಜಾತಿಯಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೊದಲೇ ಮಜ್ಜೆಯಲ್ಲಿ ಇರುತ್ತದೆ, ನಾಲ್ಕನೆಯ ಹಂತವೆಂದರೆ ಇಲ್ಲಿ ಕೊನೆಯ ದಿನಗಳೆಂದಲ್ಲ. ಜ್ವರವಿಲ್ಲ, ತೂಕ ಇಳಿದಿಲ್ಲ, ರಕ್ತದ ಎಣಿಕೆ ಚೆನ್ನಾಗಿದೆ. ಆದ್ದರಿಂದ ಕುತ್ತಿಗೆಗೆ ವಿಕಿರಣವೂ ಬೇಡ, ಸದ್ಯಕ್ಕೆ ಔಷಧವೂ ಬೇಡ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿದರೆ ಸಾಕು, ತಲೆಯೆತ್ತಿದಾಗ ಔಷಧ ಶುರುಮಾಡೋಣ ಎಂದರು. ಯೋಚಿಸಿ ನೋಡಿ. ರಕ್ತ ಕಡಿಮೆ ಎಂಬ ಸುಳ್ಳಿನ ಮೇಲೆ ನಿಂತವಳಿಗೆ, ಔಷಧವೇ ಇಲ್ಲದೆ ಮೂರು ತಿಂಗಳಿಗೊಮ್ಮೆ ಒಂದು ರಾತ್ರಿಯ ರೈಲು ಹತ್ತಿ ಬಾ ಎಂದು ಏನು ಹೇಳಿ ಒಪ್ಪಿಸುತ್ತಿದ್ದೆ?

ನಮ್ಮ ಸಂಘ ನವೆಂಬರಿನಲ್ಲಿ ಶಾಲು, ಹಾರ, ಫಲತಾಂಬೂಲಕ್ಕೆ ಖರ್ಚು ಮಾಡುವುದರ ಬಗ್ಗೆ ನನಗೆ ತಕರಾರಿಲ್ಲ. ನಾನೂ ಒಮ್ಮೆ ಶಾಲು ಹೊದ್ದಿದ್ದೇನೆ. ಆದರೆ ಮಜ್ಜೆಯ ಪರೀಕ್ಷೆ ಎಂದರೇನು ಎಂಬುದನ್ನು ಟೊಂಕ, ಎಲುಬು, ತಿರುಳು ಎಂಬ ಮಾತುಗಳಲ್ಲಿ ಬರೆದ ಒಂದು ಹಾಳೆ ಅಚ್ಚುಹಾಕಿಸಲು ಒಂದು ಹಾರದ ಖರ್ಚಿಗಿಂತ ಹೆಚ್ಚಾಗದು. ಹಾಳೆ ಬರೆದುಕೊಡಲು ನಾನು ಸಿದ್ಧ, ತಪ್ಪು ತಿದ್ದಲು ನಮ್ಮಲ್ಲೇ ವೈದ್ಯರಿದ್ದಾರೆ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಲು ರೋಗಿಯ ಮನೆಯವರಲ್ಲದ ನಾಲ್ಕು ಜನ ಬೇಕು. ಮನೆಯವರಲ್ಲದವರು ಎಂದು ಬೇಕೆಂದೇ ಹೇಳುತ್ತಿದ್ದೇನೆ.

ಬರುವ ತಿಂಗಳು ಅಕ್ಕ ತಪಾಸಣೆಗೆ ಬರುತ್ತಾಳೆ. ಡಾಕ್ಟರರನ್ನು ಕೇಳಬೇಕಾದ್ದನ್ನೆಲ್ಲ ಊರಿನಲ್ಲಿ ಮೊಮ್ಮಗನ ಕೈಯಿಂದ ಚೀಟಿಯಲ್ಲಿ ಬರೆಸಿಟ್ಟಿದ್ದಾಳಂತೆ. ಮೊನ್ನೆ ಫೋನಿನಲ್ಲಿ ಹೇಳಿದಳು, ಒಳಗೆ ಜೊತೆಗೆ ಬರುವುದು ನನ್ನ ಮಗಳು. ನಾನು ಚೀಟಿ ಮಾಡಿಸಿಕೊಟ್ಟು ಹೊರಗೆ ಬೆಂಚಿನ ಮೇಲೆ ಕೂತಿದ್ದರೆ ಸಾಕಂತೆ.